ಮುನಿತಾಯಮ್ಮ ಕಾದ ಬಣ್ಣದ ಮದ್ದು

ಅಜ್ಜಿ ತನ್ನ ಮಾತು ನಂಬಿಕೊಂಡೇ ಸಾಯುತ್ತಾಳೇನೋ ಎಂಬ ಭಯ ಕವನಾಳನ್ನು ಬಿಡಲೊಲ್ಲದು. ಮಗು ಗೌತಮನನ್ನು ತಟ್ಟಿ ಮಲಗಿಸುವಾಗಲೂ ಅದೇ, ವಿಜಯನಗರದ ಮನೆಯ ಬಾಲ್ಕನಿಯಲ್ಲಿ ಅವನ ಬಟ್ಟೆ ಹರವುವಾಗಲೂ ಅದೇ.

ಅಜ್ಜಿ ಮುನಿತಾಯಮ್ಮ ಕೆಂಗೇರಿಯಲ್ಲಿ ಎಳೆಕೂಸುಗಳ ಸ್ನಾನಕ್ಕೆ ಹೆಸರಾದವಳು. ಹೊಲವೆಲ್ಲ ಸೈಟುಗಳಾಗಿ, ಮನೆಯ ಮೇಲೆ ಮನೆ ಎದ್ದ ಮೇಲೂ ಬಾಣಂತಿಯರ ಮನೆಯವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಚಾಚಿದ ಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ದವಡೆಯಲ್ಲಿ ಹೊಗೆಸೊಪ್ಪು ಒತ್ತಿಕೊಂಡೇ ಲಾಲಿ ಗುನುಗುವಳು. ಆ ದವಡೆಯಲ್ಲೇ ಹುಣ್ಣಾಯಿತು. ಕ್ಯಾನ್ಸರ್, ಕೆನ್ನೆಯ ಜೊತೆ ಮೂಳೆಯನ್ನೂ ತೆಗೆಯಬೇಕು, ತಡ ಮಾಡಬೇಡಿ ಎಂದರು ಡಾಕ್ಟರು.

“ಅರ್ಧ ಮೊಕ ಇಟ್ಕೊಂಡು ಕೂತ್ರೆ ಕೂಸುಗಳು ಕಿಟಾರಂತ ಕಿರುಚ್ಕಳಾಕಿಲ್ವಾ?” ಎಂದಳು ಅಜ್ಜಿ.

ಕವನಾ ಹೆರಿಗೆಗೆ ಮುಂಚೆ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೊಳಗೆ ಬಣ್ಣ ತುಂಬಿ ಇಲಿಯ ರಕ್ತಕ್ಕೆ ಬಿಡುವುದು. ಅವು ಗಡ್ಡೆಯಲ್ಲಿ ಸೇರಿಕೊಂಡು ಕ್ಯಾಮೆರಾದಲ್ಲಿ ಹೊಳೆಯುತ್ತವೆ. ಅಲ್ಲಿಗೆ ಲೇಸರ್ ಬೆಳಕು ಹಾಯಿಸಿದರೆ ಬಣ್ಣ ಕಾದು ಗಡ್ಡೆಯನ್ನು ಸುಡುತ್ತದೆ. ಅಜ್ಜಿಗೆ ಹುಣ್ಣು ಕಾಣುವ ಮುಂಚೆ, ಸೀಮಂತದ ದಿನ ಹೆಂಗಸರೆಲ್ಲ ಸುತ್ತ ಕೂತಿರುವಾಗ ಇದನ್ನೇ ಹೇಳಿ, “ಇನ್ಮೇಲೆ ಕ್ಯಾನ್ಸರಿಗೆ ಕುಯ್ಯೋದೇ ಬೇಡ ಅಜ್ಜಿ” ಎಂದು ಹೆಮ್ಮೆಪಟ್ಟಿದ್ದಳು. ಊಟದ ಹೊತ್ತಿನಲ್ಲಿ ಯಾಕೆ ಎಂದು ಇಲಿಯ ಮಾತನ್ನು ಮಾತ್ರ ನುಂಗಿಕೊಂಡಿದ್ದಳು.

ಮೊನ್ನೆ ಚಿಕ್ಕಪ್ಪ ದೊಡ್ಡಹನುಮಯ್ಯ ಬಂದು ಹೇಳಿದ: “ಅವ್ವ ಆಪರೇಷನ್ ಬ್ಯಾಡ ಅಂತ ಕೂತವಳೆ ಕಣವ್ವ. ‘ಮನೆ ಮಗಳೇ ಮದ್ದು ಮಾಡ್ತಾವಳೆ, ಕಂಡೋರ ಕತ್ತಿಗೆ ಯಾಕ್ಲಾ ಕೆನ್ನೆ ಕೊಡ್ಲಿ’ ಅಂತಾಳೆ. ಈಗ ಗಂಜಿನೂ ಇಳೀತಿಲ್ಲ. ಯಾವಾಗ ಬತ್ತದೆ ನಿನ್ ಮದ್ದು?”

ಕವನಾ ಅವನಿಗೆ ಕಾಫಿ ಕೊಟ್ಟು ಕಳಿಸಿದಳು. ನಿಜ ಹೇಳಿದರೆ ಅಜ್ಜಿ ಅಲ್ಲೇ ಕುಸಿದಾಳು. ಹೇಳದಿದ್ದರೆ ಹುಣ್ಣು ಸುಮ್ಮನಿರುತ್ತದೆಯೇ? ಫೋನನ್ನು ಎಷ್ಟೋ ಸಲ ಎತ್ತಿ ಎತ್ತಿ ಇಟ್ಟಳು. ಇವತ್ತು ಮಗು ಕಣ್ಣು ಮುಚ್ಚಿದ್ದೇ ತಡ, ನಂಬರ್ ಒತ್ತಿಯೇಬಿಟ್ಟಳು.

“ಅಜ್ಜಿ, ಆ ಮದ್ದು ಇಲಿಗಳಿಗೆ ಕಣಜ್ಜಿ. ಮನುಷ್ಯರಿಗೆ ಯಾವಾಗ ಬರುತ್ತೋ, ಬರುತ್ತೋ ಇಲ್ವೋ. ನೀನು ಕಾಯ್ಬೇಡ.”



“ಇಲಿಗೆ ವಾಸಿಯಾಯ್ತದಾ?” ಅಜ್ಜಿಯ ಮಾತು ತೊದಲುತ್ತಿತ್ತು.

“ಕೆಲವಕ್ಕೆ ಆಗುತ್ತೆ.”

“ಪುಣ್ಯ ಮಾಡಿದ್ವು ಬುಡು.”

“ನಾಳೆ ನಾನೇ ಬರ್ತೀನಿ, ಆಸ್ಪತ್ರೆಗೆ ಹೋಗೋಣ. ಒಪ್ಕೋ ಅಜ್ಜಿ...” ಎನ್ನುವಷ್ಟರಲ್ಲಿ ಕವನಾಳ ದನಿ ಒಡೆಯಿತು.

“ಬತ್ತೀನಿ ಬುಡವ್ವಾ. ನೀನು ಅಳಬ್ಯಾಡ, ಎದೆಹಾಲು ಬತ್ತೋಯ್ತದೆ.”