ತಾನಾಗೇ ಸತ್ತ ಜಿಂಕೆಯ ಚರ್ಮ

ಬಾಗೂರಿನ ನಮ್ಮ ಭಾವ ದಿನಾ ಜಿಂಕೆ ಚರ್ಮದ ಮೇಲೆ ಕೂತು ಶಿವಪೂಜೆ ಮಾಡುತ್ತಾರೆ. ಅವರಪ್ಪನ ಕಾಲದ ಆ ಚರ್ಮದ ಕೂದಲೆಲ್ಲ ಉದುರಿ ತೂತು ಬಿದ್ದಿತ್ತು. ನಮ್ಮ ಕಾಡಿನ ಜಿಂಕೆಯದು ಹೊಸದು ತಂದಿಟ್ಟುಕೊಂಡರೆ ಜೈಲು. ನಾನು ಬೋರ್‌ವೆಲ್ ಕೊರೆಯಲು ಆಫ್ರಿಕಾಕ್ಕೆ ಹೊರಟಾಗ, "ಅಲ್ಲಿಂದೊಂದು ತತ್ತಾ. ಆದ್ರೆ ಹೊಡೆದು ಕೊಂದದ್ದು ಬ್ಯಾಡ ಕಣಯ್ಯ, ಪಾಪ. ತಾನಾಗೇ ಸತ್ತಿರಬೇಕು" ಅಂದರು.

ನಾವು ಬೋರ್ ಕೊರೆದ ಜಮೀನಿನ ಮಾಲೀಕ ದುಡ್ಡು ಕೊಟ್ಟು ಬೇಟೆಯಾಡಲು ಬರುವವರಿಗೆಂದೇ ಜಿಂಕೆ ಸಾಕಿದ್ದ. ಮುದಿಯಾಗಿ ಸತ್ತ ಒಂದರ ಚರ್ಮವನ್ನು ಹದ ಮಾಡಿಸಿ ಕೊಟ್ಟ. ಹದ ಮಾಡಿದವರ ಚೀಟಿಯೂ ಜೊತೆಗಿತ್ತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ಅದನ್ನು ಬಿಚ್ಚಿಸಿದರು. ಹೊಳೆನರಸೀಪುರದ ಕಡೆಯವರು, ಮಾತಿನಲ್ಲೇ ಗೊತ್ತಾಯಿತು.

"ಇದನ್ನ ಹೊಡೆದೋರು ಯಾರು ಯಜಮಾನ್ರೇ?"

"ಯಾರೂ ಇಲ್ಲ. ತಾನಾಗೇ ಸತ್ತದ್ದು."

"ಅದೇ ತೊಂದ್ರೆ ನೋಡಿ. ಹೊಡೆದಿದ್ರೆ ಬೇಟೆ ಪರ್ಮಿಟ್ ಇರ್ತಿತ್ತು, ಹೊಡೆದೋನ ಹೆಸರಿರ್ತಿತ್ತು, ದನದ ಡಾಕ್ಟ್ರು ಸರ್ಟಿಫಿಕೇಟ್ ಇರ್ತಿತ್ತು. ತಾನಾಗೇ ಸತ್ತದ್ದು ಯಾವ ರೋಗ ಬಂದು ಸತ್ತಿತೋ ಯಾರಿಗ್ಗೊತ್ತು?"

"ಗುಂಡು ಹೊಡೆದು ಕೊಂದಿದ್ರೆ ಬಿಡ್ತಿದ್ರಾ?"

"ಕಾಗದ ಎಲ್ಲ ಸರಿಯಾಗಿದ್ದಿದ್ರೆ ನೋಡಬಹುದಿತ್ತು."

ಅವರು ನಗಲಿಲ್ಲ. ಚರ್ಮ ಇಟ್ಟುಕೊಂಡು ರಸೀದಿ ಕೊಟ್ಟರು.

ಬಾಗೂರಿಗೆ ಹೋಗಿ ಆ ರಸೀದಿಯನ್ನು ಭಾವನ ಕೈಗಿಟ್ಟು ನಡೆದದ್ದೆಲ್ಲ ಹೇಳಿದೆ. ಭಾವ ಎದ್ದು ಹೋಗಿ, ದೇವರ ಮನೆಯ ಬಾಗಿಲು ಮುಂದಕ್ಕೆ ಮಾಡಿ ಬಂದು, ದನಿ ತಗ್ಗಿಸಿದರು.

"ಅಲ್ಲಿ ಪರ್ಮಿಟ್ ಇಟ್ಕೊಂಡು ಹೊಡೆಯೋರು ಹೆಂಗೂ ಹೊಡೀತಾರಲ್ವಾ? ಮುಂದಿನ ಸಲ ಅಂಥೋರ ಹತ್ರ ಕೇಳು. ನಾನೇಳ್ದೆ ಅನ್ಬ್ಯಾಡ."