ಪಾಳಿಯಕ್ಕನ ನೀರಿನ ತೊಟ್ಟಿ

ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ನಡೆಸುತ್ತಿದ್ದವಳನ್ನು ಎಲ್ಲರೂ ಪಾಳಿಯಕ್ಕ ಎನ್ನುತ್ತಿದ್ದರು. ಅವಳಿಗಿಂತ ಎಷ್ಟೋ ಹಿರಿಯನಾದ ಬಾಯ್ಲರ್ ಮಾಮನೂ ಅಕ್ಕ ಎಂದೇ ಕರೆಯುತ್ತಿದ್ದ. ಅದು ಮರ್ಯಾದೆಗೋ ಕೀಟಲೆಗೋ ಎಂದು ಅವಳು ವಿಚಾರಿಸಲು ಹೋಗಿರಲಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಅವಳು ಕೇಳುತ್ತಿರಲಿಲ್ಲ.

ಯಂತ್ರಕ್ಕೆ ಬಟ್ಟೆ ತುಂಬುವ ಕೆಲಸದಿಂದ ಶುರುಮಾಡಿ, ಒಣಗಿಸುವ ಕೋಣೆ, ಇಸ್ತ್ರಿಯ ಉರುಳೆ, ಮಡಿಸುವ ಮೇಜು ಎಲ್ಲವನ್ನೂ ದಾಟಿ ಮೇಲೆ ಬಂದವಳು. ಮೇಲೆ ಎಂದರೆ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕೂರುವುದಕ್ಕೂ ಪುರುಸೊತ್ತು ಸಿಗುತ್ತಿರಲಿಲ್ಲ. ಇಂಥವಳು ನಡುವಯಸ್ಸಿನಲ್ಲಿ, ಕೆಲಸದಲ್ಲಿರುವವರಿಗೆಂದೇ ನಡೆಸುವ ಒಂದು ಪದವಿಗೆ ಸೇರಿಕೊಂಡಳು: ಸುಸ್ಥಿರ ವ್ಯವಹಾರ ಮತ್ತು ತಂತ್ರಜ್ಞಾನ. ವಾರದ ದಿನಗಳಲ್ಲಿ ಫೋನಿನಲ್ಲಿ ಪಾಠ, ಶನಿವಾರ ಇಡೀ ದಿನ ಕಾಲೇಜು.

"ಅಷ್ಟುದ್ದದ ಹೆಸರಿನ ಓದು ಮುಗಿಯೋದು ಯಾವಾಗಕ್ಕ?" ಎಂದ ಬಾಯ್ಲರ್ ಮಾಮ. "ಹೆಸರು ಬರೆಯೋಷ್ಟರಲ್ಲೇ ಪರೀಕ್ಷೆ ಟೈಮ್ ಆಗೋಗುತ್ತೆ."

ಲಾಂಡ್ರಿಯ ಯಜಮಾನರು ಬೇಡ ಎನ್ನಲಿಲ್ಲ. ಒಳ್ಳೆಯ ಮನಸ್ಸಿನಿಂದ ಅಲ್ಲ. ಈಚೆಗೆ ಹೋಟೆಲುಗಳು ಬಟ್ಟೆ ಕೊಡುವ ಮುಂಚೆ 'ನೀವು ಪರಿಸರಕ್ಕೆ ಏನು ಮಾಡಿದ್ದೀರಿ' ಎಂದು ಕೇಳಲು ಶುರುಮಾಡಿದ್ದವು. ಅಂಗಳದಲ್ಲಿ ಇಟ್ಟಿದ್ದ ಎರಡು ಹೂಕುಂಡಗಳನ್ನು ತೋರಿಸಿ ತೋರಿಸಿ ಯಜಮಾನರಿಗೂ ಬೇಸರವಾಗಿತ್ತು. ಓದಿದವರೊಬ್ಬರು ಒಳಗೇ ಇದ್ದರೆ ಹೊರಗಿನಿಂದ ಕರೆಸುವುದು ತಪ್ಪುತ್ತದೆ ಎಂದು ಅವರ ಲೆಕ್ಕಾಚಾರ. ಅದಕ್ಕೇ ಅವಳ ಶನಿವಾರಗಳನ್ನು ಬಿಟ್ಟುಕೊಟ್ಟರು.

ಮನೆಯಲ್ಲಿ ಪಾಠ ನಡೆಯುವುದು ಅಡುಗೆಮನೆಯ ಕಟ್ಟೆಯ ಮೇಲೆ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಅವಳು ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದಳು. ಅತ್ತೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಕೈಯಲ್ಲಿ ಏನೂ ಹಿಡಿಯದೆ, ಗಮನವಿಟ್ಟು ಕೇಳುತ್ತಿದ್ದರು.

"ಈ ಮೇಷ್ಟ್ರಿಗೆ ಗಂಟಲು ಸರಿ ಇಲ್ಲ ಕಣೆ. ಒಂಚೂರು ಬಿಸಿನೀರು ಕುಡೀರಿ ಅಂತ ಹೇಳು."

"ಅತ್ತೆ, ಅವರಿಗೆ ಕೇಳಿಸುತ್ತೆ!"

"ಕೇಳಿಸ್ಲಿ ಬಿಡು. ಒಳ್ಳೇದೇ ಹೇಳ್ತಿರೋದು."

ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಬಂದವನಿಗೆ ಪರಿಸರದ ಮಾತು ಹಿಡಿಸುತ್ತಿರಲಿಲ್ಲ. ಆದರೂ ಪಾಠದ ಹೊತ್ತಿನಲ್ಲಿ ಟೀವಿಯ ದನಿ ತಗ್ಗಿಸುತ್ತಿದ್ದ. ಗಂಡಸರಿಂದ ಇಷ್ಟು ಸಿಕ್ಕರೆ ಲಾಭವೇ.

ಕೊನೆಯ ವರ್ಷ ಒಂದು ಕೆಲಸ ಮಾಡಿ ತೋರಿಸಬೇಕಿತ್ತು. ಕಾಗದದ ಮೇಲಲ್ಲ, ದುಡಿಯುವ ಜಾಗದಲ್ಲೇ. ಪಾಳಿಯಕ್ಕ ನೀರನ್ನು ಆರಿಸಿಕೊಂಡಳು. ಬಟ್ಟೆಯನ್ನು ಕೊನೆಯ ಸಲ ಜಾಲಾಡಿಸಿದ ನೀರು ಹೆಚ್ಚುಕಡಿಮೆ ತಿಳಿಯಾಗೇ, ಇನ್ನೂ ಬೆಚ್ಚಗೇ ಇರುತ್ತದೆ. ಆದರೂ ನೇರ ಚರಂಡಿಗೆ. ಅದನ್ನು ಒಂದು ತೊಟ್ಟಿಯಲ್ಲಿ ಹಿಡಿದಿಟ್ಟು ಮುಂದಿನ ಬಟ್ಟೆಯ ಮೊದಲ ಒಗೆತಕ್ಕೆ ಕೊಟ್ಟರೆ ಹೊಸ ನೀರು ಉಳಿಯುತ್ತದೆ, ಅದನ್ನು ಕಾಯಿಸುವ ಉರುವಲೂ ಉಳಿಯುತ್ತದೆ. ಹಳೆಯ ಎಣ್ಣೆ ತೊಟ್ಟಿಯೊಂದನ್ನು ಉಜ್ಜಿ ತೊಳೆಸಿದಳು. ಎಲ್ಲ ಯಂತ್ರಗಳ ಕೊನೆಯ ನೀರಿನ ಕೊಳವೆಯನ್ನೂ ಬಾಯ್ಲರ್ ಮಾಮ ಅದಕ್ಕೆ ಜೋಡಿಸಿದ. ಮೂಲೆಯಲ್ಲಿ ಕೈವಸ್ತ್ರ ಒಗೆಯುವ ಸಣ್ಣ ಯಂತ್ರವನ್ನೂ ಬಿಡಲಿಲ್ಲ.

ಯಜಮಾನರು ಸುತ್ತಲೂ ಒಂದು ಸುತ್ತು ಹಾಕಿ, ತೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದರು. "ನೀರು ಉಳಿಲಿ, ಬೇಡ ಅಂದೋರ್ಯಾರು? ಆದ್ರೆ ಗಿರಾಕಿನೂ ಉಳೀಬೇಕಲ್ಲಮ್ಮ. ಒಂದೇ ಒಂದು ಶೀಟು ವಾಪಸ್ ಬಂತು ಅಂದ್ರೆ ಅವತ್ತೇ ಕೊಳವೆ ಕಿತ್ತು ಹಾಕಿಸ್ತೀನಿ. ಆಮೇಲೆ ಮುಖ ಊದಿಸ್ಕೋಬಾರದು."

"ಆಗ್ಲಿ," ಎಂದಳು. ಒಪ್ಪಿದ ಮೇಲೆ ಮನಸ್ಸಿನಲ್ಲಿ ಕಷ್ಟವನ್ನು ಅಳೆದಳು. ಕಾಲೇಜಿನ ಮೇಷ್ಟ್ರು ಸ್ವತಃ ಬಂದು ತೊಟ್ಟಿ ನಡೆಯುವುದನ್ನು ನೋಡಬೇಕು. ಆ ದಿನ ಅದು ನಿಂತಿದ್ದರೆ ಕೊನೆಯ ವರ್ಷ ಮತ್ತೆ ಮೊದಲಿನಿಂದ. ಯಜಮಾನರು ಶನಿವಾರಗಳನ್ನು ಇನ್ನೊಂದು ವರ್ಷ ಬಿಟ್ಟುಕೊಡುವವರಲ್ಲ. ಅಂದರೆ ಓದು ಅಲ್ಲಿಗೇ ಮುಗಿದ ಹಾಗೆ.

ತೊಟ್ಟಿ ನಡೆಯಿತು. ಚೆನ್ನಾಗಿಯೇ ನಡೆಯಿತು. ನೀರಿನ ಮೀಟರು ನಿಧಾನವಾಯಿತು, ಬಾಯ್ಲರ್ ಮಾಮನಿಗೆ ಮಧ್ಯಾಹ್ನ ಕಣ್ಣು ಮುಚ್ಚುವಷ್ಟು ಬಿಡುವು ಸಿಕ್ಕಿತು. ಅವಳ ಹೆಸರು ಪಾಳಿಯಕ್ಕನಿಂದ ತೊಟ್ಟಿಯಕ್ಕನಾಯಿತು. ಎಲ್ಲರಿಗಿಂತ ಚುರುಕಾಗಿ ಎಚ್ಚೆತ್ತದ್ದು ಗಿರಾಕಿಗಳಲ್ಲೇ ದೊಡ್ಡದಾದ ಹೋಟೆಲು. ಸುದ್ದಿ ತಿಳಿದದ್ದೇ ತಡ, ಒಂದೊಂದು ಕೋಣೆಯ ದಿಂಬಿನ ಮೇಲೂ ಚೆಂದದ ಕಾರ್ಡು ಇಟ್ಟಿತು: 'ಈ ಹಾಸಿಗೆಯ ಬಟ್ಟೆ ಉಳಿಸಿದ ನೀರಿನಲ್ಲಿ ಒಗೆದದ್ದು. ನಿಶ್ಚಿಂತೆಯಿಂದ ಮಲಗಿ.' ತೊಟ್ಟಿ ಉಜ್ಜಿದವರು ಒಬ್ಬರು, ನಿಶ್ಚಿಂತೆಯನ್ನು ಮಾರಿಕೊಂಡವರು ಇನ್ನೊಬ್ಬರು. ವ್ಯಾಪಾರ ನಡೆಯುವುದೇ ಹಾಗೆ.

ಮೇಷ್ಟ್ರು ಬರುವ ವಾರದ ಮಂಗಳವಾರ ಆ ಹೋಟೆಲಿನ ಮೇಲ್ವಿಚಾರಕಿ ಬಂದಿಳಿದಳು. ಫೋನು ಮಾಡಿರಲಿಲ್ಲ. ಸೀದಾ ಮಡಿಸುವ ಮೇಜಿಗೆ ಹೋಗಿ ಒಂದು ಶೀಟು ಹಾಸಿದಳು. ಅದರ ಪಕ್ಕದಲ್ಲಿ ಇನ್ನೂ ಬಳಸದ ಹೊಸ ಶೀಟು ಹಾಸಿದಳು.

"ನೋಡಿ."

ನೋಡಿದರು. ಒಂದು ಬೆಳ್ಳಗಿತ್ತು. ಇನ್ನೊಂದಕ್ಕೆ ಆಕಾಶದ ಛಾಯೆ ಬಂದಿತ್ತು. ಒಂಟಿಯಾಗಿ ನೋಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜೋಡಿಯಾಗಿ ಇಟ್ಟ ಮೇಲೆ ಮುಚ್ಚಿಡುವಂತಿರಲಿಲ್ಲ.

"ಮೊದಲೆಲ್ಲ ಬಿಳಿ ಬಟ್ಟೆಗೆ ದುಡ್ಡು ಕೊಟ್ಟು ನೀಲಿ ಹಾಕಿಸ್ತಿದ್ರು," ಎಂದು ಬಾಯ್ಲರ್ ಮಾಮ ಗಾಳಿಗೆ ಹೇಳಿದ. ಯಾರೂ ನಗದಿದ್ದಾಗ ತನ್ನ ಬಾಯ್ಲರಿನ ಕಡೆ ಹೋದ.

"ಎಷ್ಟು ಶೀಟು ಹೀಗಿದೆ?" ಯಜಮಾನರು ಕೇಳಿದರು.

"ನಿನ್ನೆ ಬಂದ ಮೊದಲ ಗಾಡಿಯದ್ದು ಪೂರ್ತಿ. ಹೋದ ಸೋಮವಾರನೂ ಹಿಂಗೇ ಅನ್ನಿಸಿತ್ತು. ನನ್ನ ಕಣ್ಣಿಂದೇ ದೋಷ ಇರಬೇಕು ಅಂತ ಸುಮ್ಮನಿದ್ದೆ. ಕನ್ನಡಕದ ಅಂಗಡಿಗೂ ಹೋಗಿ ಬಂದೆ. ಕಣ್ಣು ಸರಿಯಾಗೇ ಇದೆಯಂತೆ."

ಅವಳು ಹೋದ ಮೇಲೆ ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ಪಾಳಿಯಕ್ಕನಿಗೆ ಸಮಾಧಾನವಾಗುತ್ತಿತ್ತು. "ನೀನು ಮಾತು ಕೊಟ್ಟಿದ್ದೆ ಅಲ್ವೇನಮ್ಮ?" ಎಂದಷ್ಟೇ ಕೇಳಿದರು.

"ಹೌದು ಸಾರ್. ಯಾಕಾಯ್ತು ಅಂತ ತಿಳ್ಕೊಳೋಕೆ ಇವತ್ತೊಂದು ದಿನ ಕೊಡಿ. ಅಲ್ಲೀವರೆಗೂ ಹೊಸ ನೀರಲ್ಲೇ ಒಗಿಸ್ತೀನಿ."

ಯಜಮಾನರು ಬೆಳಿಗ್ಗೆಯವರೆಗೆ ಎಂದರು.

ಅವಳು ಸಾಬೂನು ಬದಲಾಗಿದೆಯೇ ನೋಡಿದಳು, ಇಲ್ಲ. ತೊಟ್ಟಿಯ ಒಳಮೈ ಕೆರೆದಳು, ಬಣ್ಣ ಎದ್ದುಬರಲಿಲ್ಲ. ಮೇಷ್ಟ್ರಿಗೆ ಸಂದೇಶ ಕಳಿಸಿದಳು. 'ಮಾಹಿತಿಯನ್ನು ಮತ್ತೊಮ್ಮೆ ಪರಿಶೀಲಿಸಿ' ಎಂದು ಉತ್ತರ ಬಂತು. ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಕೊಡುವ ಡಾಕ್ಟರು ನೆನಪಾದರು. ಆದರೂ ಮೇಲ್ವಿಚಾರಕಿಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಸೋಮವಾರ. ಅದೂ ಮೊದಲ ಗಾಡಿ. ಭಾನುವಾರ ಲಾಂಡ್ರಿಗೆ ರಜೆ. ಅಂದರೆ ಸೋಮವಾರದ ಮೊದಲ ಬಟ್ಟೆಗೆ ಬೀಳುವುದು ಶನಿವಾರ ಸಂಜೆ ತೊಟ್ಟಿಯಲ್ಲಿ ನಿಂತ ನೀರು.

ಶನಿವಾರ ಅವಳು ಲಾಂಡ್ರಿಯಲ್ಲೇ ಇರುವುದಿಲ್ಲ. ಹಾಗಂತ ಶನಿವಾರ ಏನು ನಡೆಯುತ್ತದೆಂದು ಅವಳಿಗೆ ಗೊತ್ತಿಲ್ಲವೇ?

ಶನಿವಾರ ಮಧ್ಯಾಹ್ನ ಹೋಟೆಲಿನ ಬಟ್ಟೆ ಮುಗಿದ ಮೇಲೆ, ಕೆಲಸದವರು ತಂತಮ್ಮ ಮನೆಯಿಂದ ಒಂದೊಂದು ಗಂಟು ತಂದು ಸಣ್ಣ ಯಂತ್ರಕ್ಕೆ ಹಾಕಿಕೊಳ್ಳುತ್ತಾರೆ. ಲಾಂಡ್ರಿಯಲ್ಲಿ ದುಡಿಯುವವರು ಮನೆಗೆ ಹೋಗಿ ಮತ್ತೆ ಬಟ್ಟೆ ಕುಕ್ಕಬೇಕೇ ಎಂದು ಎಷ್ಟೋ ವರ್ಷಗಳ ಹಿಂದೆ ಯಜಮಾನರ ಜೊತೆ ಹಟ ಹಿಡಿದು ಈ ಅನುಕೂಲ ಕೊಡಿಸಿದವಳು ಅವಳೇ. ಅಷ್ಟಿದ್ದೂ ತೊಟ್ಟಿಯ ಲೆಕ್ಕ ಹಾಕುವಾಗ ಆ ಗಂಟುಗಳು ನೆನಪಿಗೇ ಬರಲಿಲ್ಲ. ಯಾಕೆಂದರೆ ಅಲ್ಲಿ ಯಾರಿಗೂ ಅದು ಲಾಂಡ್ರಿ ಕೆಲಸವಲ್ಲ, ಮನೆ ಕೆಲಸ. ಹೋಟೆಲಿನ ಬಟ್ಟೆಯಾದರೆ ಒಂದು ಕೈವಸ್ತ್ರವೂ ಎಣಿಕೆಗೆ ಸಿಗುತ್ತದೆ. ಮನೆಯ ಬಟ್ಟೆ ಯಾವ ಎಣಿಕೆಯಲ್ಲಿ ಸೇರಿದ್ದುಂಟು?

ಆದರೆ ಗಂಟುಗಳು ಯಾವತ್ತೂ ಇದ್ದವು, ನೀಲಿ ಬಂದದ್ದು ಈಗ. ಇಸ್ತ್ರಿ ಉರುಳೆಯ ಹತ್ತಿರ ನಿಲ್ಲುವ ಹೆಂಗಸನ್ನು ಕರೆದಳು. ಅಕ್ಕ ಕಾಲೇಜಿಗೆ ಹೋಗುವ ದಿನ ಅಕ್ಕನ ಮನೆಯ ಗಂಟನ್ನೂ ಒಗೆದುಕೊಡುತ್ತಿದ್ದವಳು ಈ ಹೆಂಗಸೇ.

"ಈಚೆಗೆ ಯಾರಾದ್ರೂ ಬಣ್ಣ ಬಿಡೋ ಬಟ್ಟೆ ತಂದಿದ್ರೇನೇ? ನೀಲಿದು?"

ಆ ಹೆಂಗಸು ಸೆರಗಿನ ತುದಿ ಹಿಡಿದು ನಿಂತಳು.

"ಹೇಳೇ, ನಾನೇನು ಬಯ್ಯಲ್ಲ."

"ನೀವು ಬಯ್ಯೋ ಹಾಗಿಲ್ಲ ಬಿಡಿ ಅಕ್ಕ. ಅದು ನಿಮ್ಮ ಮನೆಯವ್ರದ್ದೇ. ಲಿಫ್ಟ್ ಕಂಪನಿಯವರು ಹೊಸ ಅಂಗಿ ಪ್ಯಾಂಟು ಕೊಟ್ಟಿದಾರಲ್ಲ, ಕಡುನೀಲಿದು. ನೀರಿಗೆ ಹಾಕಿದ ಕೂಡ್ಲೇ ಶಾಯಿ ಚೆಲ್ಲಿದ ಹಾಗಾಯ್ತು. ನಾನು ಎರಡು ಸಲ ಜಾಲಾಡಿಸ್ದೆ."

ಪಾಳಿಯಕ್ಕ ಕುರ್ಚಿಯಲ್ಲಿ ಕೂತಳು. ಅವತ್ತು ಕೂರುವುದಕ್ಕೆ ಪುರುಸೊತ್ತು ಸಿಕ್ಕಿತು.

ಮರುದಿನ ಬೆಳಿಗ್ಗೆ ಯಜಮಾನರಿಗೆ ಏನೂ ಮುಚ್ಚದೆ ಹೇಳಿದಳು. ತೊಟ್ಟಿಯದ್ದಲ್ಲ, ಯಂತ್ರದ್ದಲ್ಲ, ತನ್ನ ಗಂಡನ ಪ್ಯಾಂಟಿನದ್ದು ತಪ್ಪು. ಯಜಮಾನರ ಹುಬ್ಬು ಏರಿ, ಆಮೇಲೆ ಮುಖ ಅರಳಿತು. ಅವರು ಎಷ್ಟೋ ವರ್ಷಗಳಿಂದ ಕಾದಿದ್ದ ಅವಕಾಶ ತಾನಾಗಿ ಒಳಗೆ ಬಂದು ಕೂತಿತ್ತು.

"ಇಷ್ಟೇನಾ? ಹಾಗಾದ್ರೆ ಶನಿವಾರದ ಗಂಟು ನಿಲ್ಲಿಸಿಬಿಡು. ಕೊಳವೆ ಇರ್ಲಿ. ನಿನ್ನ ಮೇಷ್ಟ್ರು ನಾಳೆ ತಾನೇ ಬರೋದು? ಬಂದು ನೋಡ್ಲಿ."

ಅವಳಿಗೆ ಬೇಕಾದದ್ದು ಅಂಗೈಗೆ ಬಂದಿತ್ತು. ಹೂಂ ಎಂದರೆ ಮುಗಿಯಿತು, ಪದವಿ ಕೈಗೆ ಬಂದಂತೆ. ಕಿಟಕಿಯ ಆಚೆ ಉರುಳೆಯ ಹತ್ತಿರ ಹೆಂಗಸರು ಶೀಟಿನ ತುದಿ ಹಿಡಿದು ಎಳೆಯುತ್ತಿದ್ದರು. ಒಬ್ಬಳು ಏನೋ ಅಂದಳು, ಉಳಿದವರು ನಕ್ಕರು.

"ಆಗಲ್ಲ ಸಾರ್," ಎಂದಳು.

"ಯಾಕಾಗಲ್ಲ?"

"ಇಲ್ಲಿ ನಿಲ್ಲಿಸಿದ್ರೆ ಅವರು ಮನೇಲಿ ಒಗೀತಾರೆ. ನೀರು ಅಲ್ಲಿ ಖರ್ಚಾಗುತ್ತೆ, ಇನ್ನೂ ಜಾಸ್ತಿನೇ. ನಮ್ಮ ಮೀಟರಿಗೆ ಕಾಣಲ್ಲ ಅಷ್ಟೆ. ಅದು ಉಳಿತಾಯ ಅಲ್ಲ, ಕಸವನ್ನ ಪಕ್ಕದ ಮನೆ ಕಡೆ ಗುಡಿಸಿದ ಹಾಗೆ."

"ಇದನ್ನೂ ಕಾಲೇಜಲ್ಲೇ ಹೇಳ್ಕೊಟ್ರಾ?"

"ಹೂಂ."

"ನಿನಗೆ ಶನಿವಾರ ಬಿಟ್ಟುಕೊಟ್ಟು ನಾನೇ ನನ್ನ ಕಾಲಿನ ಮೇಲೆ ಕಲ್ಲು ಹಾಕ್ಕೊಂಡೆ." ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರಿ. ಗಂಟು ಇರ್ಲಿ. ಕೊಳವೆ ಕೀಳಿಸ್ತೀನಿ. ಶೀಟು ವಾಪಸ್ ಬಂದಾಯ್ತು, ಮಾತು ಮಾತೇ."

"ಸಣ್ಣ ಯಂತ್ರದ್ದು ಒಂದೇ ಕೀಳಿಸಿ. ಅದರ ನೀರು ಚರಂಡಿಗೆ ಹೋಗ್ಲಿ. ಮಿಕ್ಕಿದ್ದು ಇರ್ಲಿ."

"ಹೋಟೆಲಿನೋರು ಒಪ್ಪಬೇಕಲ್ಲ! ಅವರು ಹೊಸ ನೀರು ಅಂತ ಹಟ ಹಿಡಿದ್ರೆ ನಾನೇನು ಮಾಡ್ಲಿ?"

"ಅವರು ಒಪ್ಪಿದ್ರೆ?"

ಯಜಮಾನರು ಕನ್ನಡಕವನ್ನು ಮತ್ತೆ ಹಾಕಿಕೊಂಡು ಮೇಜಿನ ಮೇಲಿನ ಬಿಲ್ಲುಗಳನ್ನು ಹತ್ತಿರ ಎಳೆದುಕೊಂಡರು. ಅವರು ಬೇಡ ಅನ್ನದಿದ್ದರೆ ಅದನ್ನು ಏನೆಂದು ತಿಳಿಯಬೇಕೆಂದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಬಟ್ಟೆಯ ಗಾಡಿಯಲ್ಲೇ ಹೋಟೆಲಿಗೆ ಹೋದಳು. ಮೇಲ್ವಿಚಾರಕಿ ಹಿಂಬಾಗಿಲಿನ ಪುಟ್ಟ ಕೋಣೆಯಲ್ಲಿ ಹೊಸ ಕನ್ನಡಕ ಹಾಕಿಕೊಂಡು ಕೂತಿದ್ದಳು. ಏನೂ ದೋಷವಿಲ್ಲದ ಕಣ್ಣಿಗೂ ಅಂಗಡಿಯವನು ಒಂದನ್ನು ಮಾರಿದ್ದ. ಪಾಳಿಯಕ್ಕ ನಡೆದದ್ದನ್ನು ಹೇಳಿ, ನೀಲಿಯಾದ ಶೀಟುಗಳನ್ನೆಲ್ಲ ಮತ್ತೆ ಒಗೆದು ಬಿಳಿ ಮಾಡಿಕೊಡುವೆ ಎಂದಳು.

"ಅದೆಲ್ಲ ಸರಿ. ಇನ್ಮೇಲೆ ನಮಗೆ ಹೊಸ ನೀರೇ ಹಾಕಿ. ಆ ತೊಟ್ಟಿ ಸಹವಾಸ ಬೇಡ."

"ಆಯ್ತಮ್ಮ, ಹೊಸ ನೀರೇ ಹಾಕಿಸ್ತೀನಿ. ಹಾಗಾದ್ರೆ ಆ ಕಾರ್ಡು?"

"ಯಾವ ಕಾರ್ಡು?"

"ದಿಂಬಿನ ಮೇಲಿಂದು. ಎಲ್ಲಾ ಕಟ್ಟಿಕೊಡಿ, ಹೋಗ್ತಾ ಗಾಡೀಲೇ ತಗೊಂಡು ಹೋಗ್ತೀನಿ. ಗಾಡಿಯೋನಿಗೂ ಹೇಳಿದೀನಿ, ಹೊರೆ ಆಗಲ್ಲ. ಅದರಲ್ಲಿ ಬರೆದಿರೋದು ಇನ್ನು ಸುಳ್ಳಾಗುತ್ತಲ್ಲ."

ಮೇಲ್ವಿಚಾರಕಿ ಕನ್ನಡಕ ತೆಗೆದು ಅವಳನ್ನು ನೋಡಿದಳು. ಕಾರ್ಡುಗಳನ್ನು ಅಚ್ಚು ಹಾಕಿಸಿದ್ದು ಹೋಟೆಲಿನ ಮ್ಯಾನೇಜರು. ಒಂದನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡದ್ದೂ ಅವನೇ. ಅವನ ಹತ್ತಿರ ಹೋಗಿ ಕಾರ್ಡು ತೆಗೆಯಿರಿ ಎನ್ನುವುದಕ್ಕಿಂತ ಶೀಟನ್ನು ಇನ್ನೊಂದು ಸಲ ಹತ್ತಿರದಿಂದ ನೋಡುವುದು ಸುಲಭ.

"ನೀವು ತುಂಬಾ ಜಾಣೆ ಕಣ್ರೀ."

"ಇಲ್ಲಮ್ಮ. ಜಾಣೆ ಆಗಿದ್ರೆ ಗಂಡನ ಪ್ಯಾಂಟು ಮನೇಲೇ ಒಗೀತಿದ್ದೆ."

ಇಬ್ಬರೂ ನಕ್ಕರು. ಮುಂದಿನ ಸೋಮವಾರದ ಗಾಡಿಯನ್ನು ತಾನೇ ನಿಂತು ನೋಡುವೆ ಎಂದು ಮೇಲ್ವಿಚಾರಕಿ ಹೇಳಿದಳು. ಅಲ್ಲಿಯವರೆಗೆ ತೊಟ್ಟಿ ನಡೆಯಲಿ.

ಆ ಸಂಜೆ ಬಾಯ್ಲರ್ ಮಾಮ ಸಣ್ಣ ಯಂತ್ರದ ಕೊಳವೆಯನ್ನು ಕಳಚಿ ಚರಂಡಿಗೆ ತಿರುಗಿಸಿದ. ನೀಲಿಯಾದ ಶೀಟುಗಳನ್ನು ಬಿಸಿನೀರಿನಲ್ಲಿ ಎರಡೆರಡು ಸಲ ಒಗೆಯಬೇಕಾಯಿತು. ಪಾಳಿಯಕ್ಕ ಅದಕ್ಕೆ ಹೋದ ನೀರನ್ನು ಅಳೆದು ನೋಡಿದಳು. ತೊಟ್ಟಿ ಆ ವಾರ ಉಳಿಸಿದ್ದಕ್ಕಿಂತ ಜಾಸ್ತಿಯೇ ಹೋಗಿತ್ತು. ರಾತ್ರಿ ಮನೆಯಲ್ಲಿ ಕೂತು ಅದನ್ನೂ ವರದಿಯಲ್ಲಿ ಬರೆದಳು.

"ಅದ್ಯಾಕೆ ಬರೀತೀಯ?" ಎಂದ ಗಂಡ. ಅವನಿಗೆ ತನ್ನ ಪ್ಯಾಂಟು ಕಾಲೇಜಿನವರೆಗೆ ಹೋಗುವುದು ಇಷ್ಟವಿರಲಿಲ್ಲ. "ಬಿಟ್ರೆ ಯಾರಿಗೆ ಗೊತ್ತಾಗುತ್ತೆ?"

"ರೀ, ನಿಮ್ಮ ಹೆಸರೇನೂ ಹಾಕಿಲ್ಲ. 'ಒಂದು ಹೊಸ ಬಟ್ಟೆ' ಅಂತ ಬರ್ದಿದೀನಿ."

ಗುರುವಾರ ಮೇಷ್ಟ್ರು ಬಂದರು. ಫೋನಿನಲ್ಲಿ ಕಾಣುವುದಕ್ಕಿಂತ ಗಿಡ್ಡವಾಗಿದ್ದರು. ತೊಟ್ಟಿ ತುಂಬುವುದನ್ನು, ಅದರ ನೀರು ದೊಡ್ಡ ಯಂತ್ರಕ್ಕೆ ಹೋಗುವುದನ್ನು ನೋಡಿದರು. ಆಮೇಲೆ ಮೂಲೆಯಲ್ಲಿ ಕೈವಸ್ತ್ರ ಒಗೆಯುತ್ತಿದ್ದ ಸಣ್ಣ ಯಂತ್ರದ ಮುಂದೆ ನಿಂತು, ಚರಂಡಿಗೆ ಹರಿಯುತ್ತಿದ್ದ ತಿಳಿನೀರನ್ನು ತೋರಿಸಿದರು.

"ಇದು ಯಾಕೆ ಪೋಲಾಗ್ತಿದೆ?"

ಯಜಮಾನರು ಬಾಯಿ ತೆರೆದರು. ಅವಳೇ ಮೊದಲು ಹೇಳಿದಳು. ಗಂಟುಗಳ ಕತೆ, ಸೋಮವಾರದ ಶೀಟು, ಲೆಕ್ಕದಲ್ಲಿ ಬಿಟ್ಟುಹೋದ ಶನಿವಾರ. "ಇದನ್ನ ಉಳಿಸೋ ದಾರಿ ನನಗಿನ್ನೂ ಗೊತ್ತಾಗಿಲ್ಲ ಸಾರ್. ಗಂಟು ನಿಲ್ಲಿಸಿದ್ರೆ ಸುಲಭ ಇತ್ತು, ನಿಲ್ಲಿಸ್ಲಿಲ್ಲ."

ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಕೆಲಸ ಒಪ್ಪಿಗೆಯಾಗಿದೆ ಎಂದರು. ಶನಿವಾರವನ್ನು ಮೊದಲೇ ಲೆಕ್ಕಕ್ಕೆ ಹಿಡಿಯದ್ದಕ್ಕೆ ಅಂಕ ಕಳೆಯುವುದಾಗಿಯೂ ಹೇಳಿದರು. ಪಾಳಿಯಕ್ಕ ತಲೆಯಾಡಿಸಿದಳು. ಅವರನ್ನು ಬಾಗಿಲವರೆಗೆ ಬೀಳ್ಕೊಟ್ಟು ಬರುವಷ್ಟರಲ್ಲಿ ದೊಡ್ಡ ಯಂತ್ರ ನಿಂತು ಕೂಗುತ್ತಿತ್ತು. ಒದ್ದೆ ಶೀಟುಗಳನ್ನು ಇಳಿಸಿಕೊಳ್ಳುವುದಕ್ಕೆ ಒಂದು ಕೈ ಕಡಿಮೆ ಇತ್ತು. ಅವಳು ತೋಳು ಮೇಲಕ್ಕೆ ಮಡಿಸಿಕೊಂಡು ಆ ಕಡೆ ಹೋದಳು.