ಊರಿಕೆ

ಈಗಷ್ಟೇ ಹಾಲು ತಳ ಹಿಡಿಯಿತು. ಕಾರಣ ಹೇಳಲು ನಾಚಿಕೆ. ಒಲೆಯ ಮುಂದೆ ನಿಂತು ಮೊಬೈಲಿನಲ್ಲಿ ನಮ್ಮ ಯಜಮಾನರ ಹೆಸರಿನ ಕೆಳಗೆ ‘ಆನ್‌ಲೈನ್’ ಎಂದಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಅವರಿರುವುದು ಗೋಡೆಯಾಚೆ, ಸೋಫಾದ ಮೇಲೆ!

ಈ ಚಾಳಿ ಹತ್ತಿದ್ದು ಬ್ಯಾಂಕಿನವರು ಅವರನ್ನು ವಿಜಯವಾಡಕ್ಕೆ ವರ್ಗ ಮಾಡಿದಾಗ. ಮಗಳ ಕಾಲೇಜಿಗಾಗಿ ನಾನು ವಿಶಾಖಪಟ್ಟಣದಲ್ಲೇ, ಪೆಂಡುರ್ತಿಯ ಈ ಮನೆಯಲ್ಲೇ ಉಳಿದೆ. ಫೋನು ಮಾಡಿದರೆ ಊಟ ಆಯ್ತಾ, ಆಯ್ತು, ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ನಾನು ತೆರೆದು ನೋಡಿದಾಗಲೆಲ್ಲ ಮನುಷ್ಯ ಆನ್‌ಲೈನ್. ಹೆಂಡತಿಯ ಹತ್ತಿರ ಮಾತಿಗೆ ಬರಗಾಲ, ಇನ್ಯಾರ ಹತ್ತಿರ ಇಷ್ಟು ಹರಟೆ? ನೋಡಿ ನೋಡಿ ಪಲ್ಯಕ್ಕೆ ಎರಡೆರಡು ಸಲ ಉಪ್ಪು ಬೀಳತೊಡಗಿತು.

ತಡೆಯಲಾರದೆ ಬರೆದೆ: ‘ಯಾರ ಕೂಡ ಮಾತಾಡ್ಲಿಕ್ಕತ್ತೀರಿ?’

ಇಂಗ್ಲಿಷ್ ಅಕ್ಷರಗಳಲ್ಲಿ ಉತ್ತರ ಬಂತು: ‘ಊರಿಕೆ.’

ಧಾರವಾಡದವರಾದ ನಮ್ಮಿಬ್ಬರ ನಡುವೆ ಕನ್ನಡ ಬಿಟ್ಟು ಬೇರೆ ಮಾತು ಬಂದದ್ದಿಲ್ಲ. ‘ಊರಿಗೆ’ ಎನ್ನಲು ಹೋಗಿ ಬೆರಳು ತಪ್ಪಿದೆ ಎಂದುಕೊಂಡೆ. ಊರಲ್ಲಿ ಇವರಿಗೆ ಮಾತಾಡಲು ಈಗ ಯಾರಿದ್ದಾರೆ? ಕಾಲೇಜಿನಲ್ಲಿ ಜೊತೆಗೆ ಓದಿದವಳೊಬ್ಬಳು. ಚೆನ್ನಾಗಿ ಹಾಡುತ್ತಿದ್ದಳಂತೆ, ಮದುವೆಯ ಹೊಸತರಲ್ಲಿ ಇವರೇ ಹೊಗಳಿದ್ದರು. ಮರುದಿನವೇ ಮಗಳನ್ನು ಕರೆದುಕೊಂಡು ವಿಜಯವಾಡದ ರೈಲು ಹತ್ತಿದೆ.

ಇಂದ್ರಕೀಲಾದ್ರಿ ಬೆಟ್ಟ ಕಾಣುವ ಬಾಡಿಗೆ ಕೋಣೆಯಲ್ಲಿ ಅವರು ಬನಿಯನ್ನಿನಲ್ಲಿ ಕೂತಿದ್ದರು, ಕೈಯಲ್ಲಿ ಮೊಬೈಲು.

‘ಊರಾಗ ಯಾರದಾರ್ರೀ?’ ಚಪ್ಪಲಿ ಬಿಡುವ ಮೊದಲೇ ಕೇಳಿದೆ. ಅವರ ಸಂದೇಶವನ್ನು ಮಗಳ ಮುಖಕ್ಕೂ ಹಿಡಿದೆ.

ಅವಳು ನಕ್ಕಳು. ‘ಅಮ್ಮಾ, ಇದಿ ತೆಲುಗು ಕದಾ! ಊರಿಕೆ ಅಂದ್ರ ಸುಮ್ಮನ.’

‘ಸುಮ್ಮನ ಅಂದ್ರ ಯಾರ ಕೂಡ?’ ನಾನು ಬಿಡಲಿಲ್ಲ.

ಅವರು ಮೊಬೈಲನ್ನೇ ನನ್ನ ಕೈಗಿತ್ತರು. ತೆರೆದಿದ್ದದ್ದು ನನ್ನ ಹೆಸರು. ‘ನೀ ಆನ್‌ಲೈನ್ ಇದ್ದೀಯೇನು ಅಂತ ನೋಡ್ತಿದ್ದೆ. ಯಾವಾಗ ನೋಡಿದ್ರೂ ಇರ್ತಿದ್ದಿ. ನಿನಗ ಯಾರದಾರೋ ಅಂತ ನನಗೂ…’

ನಾನು ನೋಡಲು ತೆರೆದಾಗ ಅವರಿಗೆ ನಾನು ಆನ್‌ಲೈನ್. ಅವರು ತೆರೆದಾಗ ನನಗೆ ಅವರು. ಇಬ್ಬರೂ ಒಂದೇ ಬಾಗಿಲಿಗೆ ಆಚೀಚೆ ಕಿವಿಗೊಟ್ಟು ನಿಂತಿದ್ದೆವು, ಒಬ್ಬರಾದರೂ ತಟ್ಟದೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಅವರು ವಾಪಸು ಬಂದು ಎಷ್ಟೋ ಕಾಲವಾಯಿತು. ಸಂಶಯ ಮಾತ್ರ ಇನ್ನೂ ಪೂರ್ತಿ ಮನೆ ಬಿಟ್ಟಿಲ್ಲ. ಸೀದ ಪಾತ್ರೆಯನ್ನು ಇಳಿಸಿ, ಮೊಬೈಲನ್ನು ಅಡುಗೆಮನೆಯಲ್ಲೇ ಬಿಟ್ಟು, ಹೋಗಿ ಅವರ ಪಕ್ಕ ಕೂತೆ. ಅವರು ತಮ್ಮದನ್ನು ತಟ್ಟನೆ ಮಗುಚಿಟ್ಟರು. ಯಾಕೆ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

‘ಏನ ಬೇಕಿತ್ತು?’ ಎಂದರು.

‘ಊರಿಕೆ’ ಎಂದೆ.